ಮಾರಿ ಹಾಜರಿ

"ಮಾರಿ ಈ ಕಡಿ ತಿರಗಸ್ರೇ ರಂಡೇರ್ಯಾ! ಸರಕಾರಕ್ಕ ನಿಮ್ಮ ಕುಂಡಿ ತೋರಸ್ಲೇನು? ಕುಂಡಿಗಿ ಪಗಾರ ಕೊಡ್ತಾರೇನ್ ಯಾರರ?"

ಗುರುಲಿಂಗ ಸಾವಕಾರ ಜೀಪಿನಿಂದ ಇಳಿಯುವ ಮೊದಲೇ ಬಯ್ಯಲು ಶುರುಮಾಡಿದ್ದ. ಕೆರೆಯ ಏರಿಯ ಕೆಳಗೆ ನಾವು ಹೆಂಗಸರು ಸಾಲಾಗಿ ನಿಂತಿದ್ದೆವು, ಎಲ್ಲರ ಬೆನ್ನೂ ಅವನ ಕಡೆ. ನನ್ನ ಸೆರಗು ಗದ್ದದವರೆಗೆ ಇಳಿದಿತ್ತು. ಪಕ್ಕದಲ್ಲಿದ್ದ ನನ್ನ ನಾದಿನಿ ಸುಂದರಬಾಯಿಯದೂ ಹಾಗೆಯೇ. ಫೋನು ಹಿಡಿದು ನಿಂತಿದ್ದ ಸಾವಕಾರನ ಸೊಸೆ ಸ್ನೇಹಲ್ ಹಣೆ ಚಚ್ಚಿಕೊಂಡಳು. ಅವಳು ಹಾಜರಿ ಫೋಟೋ ಹೊಡೆಯುವ ಹೊತ್ತಿಗೆ ಸರಿಯಾಗಿ ಏರಿಯ ಮೇಲೆ ಜೀಪು ಹಾರನ್ ಹಾಕಿತ್ತು. ಹಾರನ್ ಕೇಳಿದ್ದೇ ತಡ, ನಮ್ಮ ಕತ್ತುಗಳು ತಾವಾಗಿಯೇ ಹೊರಳಿಬಿಟ್ಟಿದ್ದವು.

ನಮ್ಮ ಕೇರಿಯ ಹೆಣ್ಣುಮಕ್ಕಳು ಸಾವಕಾರರಿಗೆ ಮಾರಿ ತೋರಿಸಬಾರದು ಎಂಬುದು ಹಳೆಯ ಕಟ್ಟಳೆ. ಗುರುಲಿಂಗನ ಅಪ್ಪನ ಹತ್ತಿರ ಕುದುರೆ ಇತ್ತು. ಅದರ ಕೊರಳ ಗೆಜ್ಜೆ ಕೇಳಿಸಿದರೆ ನಮ್ಮ ಅತ್ತೆ ತಲೆಯ ಮೇಲಿನ ಹುಲ್ಲಿನ ಹೊರೆ ಸಮೇತ ಗೋಡೆಗೆ ತಿರುಗಿ ನಿಲ್ಲುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದ ನಾನು ತಿರುಗುವುದು ತಡಮಾಡಿದರೆ ಕತ್ತು ಹಿಡಿದು ತಿರುಗಿಸುತ್ತಿದ್ದಳು. ಆ ಕೈಯ ಬಿಗಿ ಇವತ್ತಿಗೂ ನನ್ನ ಕತ್ತಿನಲ್ಲಿದೆ. ಕುದುರೆ ಸತ್ತಿತು, ಬುಲೆಟ್ ಗಾಡಿ ಬಂತು, ಈಗ ಜೀಪು. ಕಟ್ಟಳೆಯನ್ನು ಯಾರೂ ಬರೆದಿರಲಿಲ್ಲ, ಹಾಗಾಗಿ ಯಾರೂ ಅಳಿಸಲೂ ಇಲ್ಲ. ಸಾಲಿ ಕಲಿತ ಹುಡುಗಿಯರು ಈಗ ತಿರುಗುವುದಿಲ್ಲ. ಆದರೂ ಸಾಲಿನಲ್ಲಿ ಮುದುಕಿಯೊಬ್ಬಳು ತಿರುಗಿದರೆ ಕುರಿ ಹಿಂದೆ ಕುರಿ ಹೋದ ಹಾಗೆ ಉಳಿದವರೂ ತಿರುಗುತ್ತಾರೆ.

"ನಿಮ್ಗ ಇಜ್ಜತ್ ಕೊಟ್ಟೇವ್ರಿ ಸಾವಕಾರ್ರ" ಎಂದಳು ಹಜಿರಾ ಬೀ, ನಮ್ಮ ಕೇರಿಯ ಗೋಡೆಯಾಚೆಯ ಗಲ್ಲಿಯವಳು, ನನ್ನ ವಾರಿಗೆಯವಳು. ಸೆರಗಿನೊಳಗೇ ನಗುತ್ತಿದ್ದಳು.

"ನಿನ್ನ ಇಜ್ಜತ್ ಒಲ್ಯಾಗ್ ಹಾಕ. ಮದ್ಲ ಮಾರಿ ಕೊಡ್ರಿ. ಟೈಮ್ ಮೀರಿದ್ರ ಆ್ಯಪ್ ಬಂದ್ ಆಗ್ತದ. ಸ್ನೇಹಲ್, ಹೊಡಿ ಇನ್ನೊಂದು."

ನಾವು ತಿರುಗಿದೆವು. ಬುಟ್ಟಿ, ಸಲಿಕೆ ಕೈಯಲ್ಲಿ ಹಿಡಿದು ಮಾರಿ ಮೇಲೆತ್ತಿ ನಿಂತೆವು. ಫೋಟೋ ಆಯಿತು. ಆದಮೇಲೆ ಸಲಿಕೆಗಳನ್ನು ಟ್ರ್ಯಾಕ್ಟರಿನವನು ಎಣಿಸಿಕೊಂಡು ವಾಪಸು ತೆಗೆದುಕೊಂಡ.

ಇದು ಸರಕಾರದ ಉದ್ಯೋಗ ಖಾತ್ರಿ ಕೆಲಸ. ಇದರ ಹೆಸರು ಬದಲಾಯಿತೆಂದು ಟೀವಿಯಲ್ಲಿ ಬಂದಿತಂತೆ. ಸಲಿಕೆ ಮಾತ್ರ ಅದೇ, ಸಾವಕಾರನೂ ಅವನೇ. ಕಾಗದದ ಮೇಲೆ ಕೆರೆಯ ಹೂಳು ತೆಗೆಯುವವರು ನಾವು. ಕೆರೆಯಲ್ಲಿ ತೆಗೆಯುವುದು ಸಾವಕಾರನ ಜೇಸಿಬಿ. ಕತ್ತಲಾದಮೇಲೆ ಅದು ಬಂದು ತೋಡಿ ಹೋಗುತ್ತದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನಾವು ಬಂದು ಅದು ತೋಡಿದ ತಗ್ಗಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. ಪಗಾರ ನಮ್ಮ ಬ್ಯಾಂಕಿಗೇ ಬೀಳುತ್ತದೆ. ಬಿದ್ದ ದಿನ ಸಾವಕಾರನ ಮನುಷ್ಯ ಸಣ್ಣ ಮಷೀನು ತಂದು ಹೆಬ್ಬೆಟ್ಟು ಒತ್ತಿಸಿಕೊಂಡು ದೊಡ್ಡ ಪಾಲು ತೆಗೆದುಕೊಂಡು ಹೋಗುತ್ತಾನೆ. ನಾವು ದುಡಿಯುತ್ತೇವೆ, ಸಲಿಕೆ ಕೊಡಿ ಎಂದು ಒಂದು ಸಲ ಕೇಳಿದ್ದೆವು. ಜೇಸಿಬಿಯ ಕಂತು ನಿಮ್ಮಪ್ಪ ತುಂಬುತ್ತಾನೇನು ಎಂದಿದ್ದ.

ನಮ್ಮ ಕೆಲಸ ನೋಡಿಕೊಳ್ಳುವವರಿಗೆ ಸರಕಾರ ಇಟ್ಟ ಹೆಸರು ಕಾಯಕ ಬಂಧು. ಕೂಲಿಯವರಲ್ಲೇ ಒಬ್ಬರು ಆಗಬೇಕಂತೆ. ನಮ್ಮ ಕಾಯಕ ಬಂಧು ಸ್ನೇಹಲ್. ಬಿಸಿಲಿಗೆ ಮಾರಿ ತುಂಬ ಓಢಣಿ ಸುತ್ತಿ, ಕಪ್ಪು ಚಸ್ಮ ಹಾಕಿಕೊಂಡು ಸ್ಕೂಟಿಯಲ್ಲಿ ಬರುತ್ತಿದ್ದಳು. ಎಲ್ಲರ ಮಾರಿ ಹಿಡಿಯಲು ಬರುವ ಅವಳ ಮಾರಿಯನ್ನು ನಾವು ಸರಿಯಾಗಿ ಕಂಡಿರಲೇ ಇಲ್ಲ.

ಸಲಿಕೆ ವಾಪಸು ಕೊಟ್ಟಮೇಲೂ ಕೈಯಿಂದಲೇ ಮಣ್ಣು ತುಂಬಿ ಏರಿಗೆ ಹಾಕುತ್ತಿದ್ದವಳು ಒಬ್ಬಳೇ, ನನ್ನ ನಾದಿನಿ ಸುಂದ್ರಾ.

"ಬಿಡ ಸುಂದ್ರಾ, ಯಾರ್ ನೋಡ್ತಾರ" ಎನ್ನುತ್ತಿದ್ದೆ ನಾನು.

"ಬರೇ ನಿಂತು ಉಂಡ್ರ ಮೈಗ್ ಹತ್ತಂಗಿಲ್ಲ ವೈನಿ."

ಅವಳ ಬುಟ್ಟಿಯ ಮಣ್ಣು ಬಿದ್ದ ಜಾಗ ಏರಿಯ ಮೇಲೆ ಸಣ್ಣ ಗುಪ್ಪೆಯಾಗಿ ಬೇರೆಯಾಗಿಯೇ ಕಾಣುತ್ತಿತ್ತು.

*

ಅದೇ ದಿನ ಇನ್ನೊಂದು ಕಾನೂನು ಬಂತು. ಎಲ್ಲರೂ ಕೂಡಿದ ಫೋಟೋ ಸಾಲದು, ಒಬ್ಬೊಬ್ಬರ ಮಾರಿಯನ್ನೂ ಫೋನು ಬೇರೆ ಬೇರೆ ನೋಡಬೇಕು. ನೋಡಿ ಒಪ್ಪದಿದ್ದರೆ ಹೆಸರು ಹೋಯಿತು, ಮುಂದೆ ಕೆಲಸವೇ ಇಲ್ಲ. ಸ್ನೇಹಲ್ ಫೋನನ್ನು ನಮ್ಮ ಕಡೆ ಹಿಡಿದಳು. ಅದರಲ್ಲಿ ಕೆಂಪು ಬಣ್ಣದ ಒಂದು ಉಂಗುರ. ಉಂಗುರದೊಳಗೆ ಮಾರಿ ಇಟ್ಟು ರೆಪ್ಪೆ ಬಡಿಯಬೇಕು. ಬಡಿದರೆ ಉಂಗುರ ಹಸಿರಾಗುತ್ತದೆ.

"ಯಾಕ್ರೀ ರೆಪ್ಪಿ ಬಡೀಬೇಕು?" ಎಂದು ಹಜಿರಾ ಬೀ ಕೇಳಿದಳು.

"ಫೋಟೋದ ಫೋಟೋ ಹೊಡೆದು ಮೋಸ ಮಾಡ್ತಾರಂತ. ಜೀವ ಇದ್ದವ್ರು ಹೌದೋ ಅಲ್ಲೋ ಅಂತ ಅದಕ್ಕ ಗೊತ್ತಾಗ್ಬೇಕು."

"ಯಾ ಅಲ್ಲಾ! ಈ ವಯಸ್ಸಿನ್ಯಾಗ ಫೋನಿಗಿ ಕಣ್ಣ ಹೊಡಿಯೋದ್ ಬಂತ ನೋಡ್. ನಮ್ಮ ಮನಿಯವ್ರಿಗೇ ಹೊಡದಿದ್ದಿಲ್ಲ." ಅವಳು ಎರಡೂ ಕಣ್ಣು ಪಟಪಟ ಬಡಿದಳು. ಉಂಗುರ ಹಸಿರಾಯಿತು. ಅವಳ ಸೊಸೆ ಸಿಮ್ರಾನ್ ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಬಡಿದಳು. ನಾನೂ ಬಡಿದೆ. ಎಲ್ಲರೂ ನಗುತ್ತಿದ್ದರು.

ಸುಂದ್ರಾಳ ಸರದಿ ಬಂತು. ಉಂಗುರ ಕೆಂಪು.

"ರೆಪ್ಪಿ ಬಡಿ."

"ಬಡದ್ನಲ್ರಿ ಅಕ್ಕೋರ."

"ಎರಡೂ ಬಡಿ."

ನಗು ನಿಂತಿತು. ಸುಂದ್ರಾಳ ಎಡಗಣ್ಣಿನ ರೆಪ್ಪೆ ಇಳಿಯುವುದಿಲ್ಲ. ಊರಿಗೆಲ್ಲ ಗೊತ್ತಿದ್ದ ಮಾತು. ಸ್ನೇಹಲ್‌ಗೆ ಮಾತ್ರ ಗೊತ್ತಿರಲಿಲ್ಲ, ಅವಳು ಮದುವೆಯಾಗಿ ಬಂದದ್ದು ಆಮೇಲೆ. ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿ ಸಾವಕಾರನ ಖಡಿ ಮಷೀನು ಇದೆ, ಕಲ್ಲು ಒಡೆಯುವುದು. ಸುಂದ್ರಾ ಅಲ್ಲಿ ಕಲ್ಲು ಹಾಕುವ ಕೆಲಸಕ್ಕಿದ್ದಳು. ಒಂದು ದಿನ ಮಷೀನಿನ ಬಾಯಿಂದ ಚಕ್ಕೆಯೊಂದು ಹಾರಿ ಬಂದು ಕಣ್ಣಿಗೆ ಬಡಿಯಿತು. ದವಾಖಾನೆಯಲ್ಲಿ ಹೊಲಿದರು. ಜೀವ ಉಳಿಯಿತು. ಕಣ್ಣಿನ ಬೆಳಕು ಹೋಯಿತು, ರೆಪ್ಪೆ ಮೇಲೇ ನಿಂತುಬಿಟ್ಟಿತು. ಮಲಗುವಾಗ ಆ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಳ್ಳುತ್ತಾಳೆ. ಅವತ್ತು ಸಾವಕಾರ ಮನೆಯ ಮುಂದೆ ಬಂದು ಒಂದು ಸೀರೆ ಎಸೆದು ಹೇಳಿದ್ದು ನನಗೆ ನೆನಪಿದೆ. "ಇನ್ನೊಂದ್ ಕಣ್ಣ ಅದಲ್ಲ ನಿಂಗ. ದೇವ್ರು ಅದಕ್ಕಂತನ ಎರಡ್ ಕೊಟ್ಟಾನ."

ಆಮೇಲೆ ಅವಳನ್ನು ಯಾರೂ ಹೊಲಕ್ಕೆ ಕರೆಯಲಿಲ್ಲ. ಬಿತ್ತುವ ದಿನ ಅವಳ ಮಾರಿ ನೋಡಬಾರದೆಂದರು, ರಾಶಿಯ ದಿನ ನೋಡಬಾರದೆಂದರು. ಖಾತ್ರಿ ಕೆಲಸ ಒಂದೇ ಉಳಿದಿತ್ತು. ಅದರಲ್ಲಿ ಮಾರಿಯನ್ನು ಯಾರೂ ಕೇಳುತ್ತಿರಲಿಲ್ಲ.

ಈಗ ಮಾರಿಯನ್ನೇ ಕೇಳಿದರು.

ಸುಂದ್ರಾ ಬೆರಳಿನಿಂದ ರೆಪ್ಪೆಯನ್ನು ಕೆಳಗೆ ಎಳೆದಳು.

"ಕೈ ತಗಿ. ಕೈ ಬಂದ್ರ ಒಪ್ಪಂಗಿಲ್ಲ."

ಹಜಿರಾ ಬೀ ಹತ್ತಿರ ಬಂದು ಕಣ್ಣಿನೊಳಗೆ ಉಫ್ ಎಂದು ಊದಿದಳು. ನೀರು ಬಂತು, ರೆಪ್ಪೆ ಬರಲಿಲ್ಲ. ಯಾರೋ ಉಳ್ಳಾಗಡ್ಡಿ ತಂದು ಹಿಂಡಿದರು. ಸುಂದ್ರಾ ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ, ಮಾರಿಯನ್ನೆಲ್ಲ ಹಿಂಡಿಕೊಂಡಳು. ಆ ಕಣ್ಣು ಮಾತ್ರ ಸುಮ್ಮನೆ ಎಲ್ಲರನ್ನೂ ನೋಡುತ್ತಿತ್ತು.

ಸಾವಕಾರ ಜೀಪಿನ ಬಾಗಿಲಿಗೆ ಒರಗಿ ಗುಟ್ಕಾ ಉಗುಳಿದ. "ರೆಪ್ಪಿ ಬಡಿಯದಿದ್ದ ಕಣ್ಣ ಹೆಣದ್ದು. ಮಷೀನಿಗಿ ಗೊತ್ತಾಗ್ತದ. ಮನೀಗ್ ಹೋಗ ಕುಡ್ಡಿ, ಹೊತ್ತ್ ಮುಣಗಾಕತ್ತದ."

"ಈ ಕಣ್ಣ ನಿಮ್ ಖಡಿ ಮಷೀನ್‌ದಾಗನ..."

"ಏ! ಬಾಯಿ ಮುಚ್ಚ!"

ಸುಂದ್ರಾ ಬುಟ್ಟಿಯಲ್ಲಿದ್ದ ಮಣ್ಣನ್ನು ಏರಿಯ ಮೇಲೆ ಸುರಿದು, ಬುಟ್ಟಿಯನ್ನು ಬೋರಲು ಹಾಕಿ, ಮನೆಯ ಕಡೆ ನಡೆದಳು.

*

ಮರುದಿನ ಅವಳನ್ನು ಕರೆದುಕೊಂಡು ಖಾತ್ರಿ ಕೆಲಸದ ತಾಲೂಕು ಕಚೇರಿಗೆಂದು ಕಲ್ಯಾಣಕ್ಕೆ ಹೋದೆ. ಮುಡಬಿಯಲ್ಲಿ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟಿನ ರೊಕ್ಕ ಇಲ್ಲ, ಆಧಾರ ತೋರಿಸಿದರೆ ಸಾಕು. ಕಂಡಕ್ಟರ್ ಸುಂದ್ರಾಳ ಆಧಾರ ನೋಡಿದ. ಫೋಟೋದಲ್ಲಿ ಎರಡೂ ಕಣ್ಣು ಚೊಲೋ ಇದ್ದವು. ಅವಳ ಮಾರಿ ನೋಡಿದ.

"ಇದು ನೀನೇನವಾ?"

"ನಾನ ರೀ."

"ಕೂಡ, ಮುಂದ ಸೀಟ್ ಖಾಲಿ ಅದ" ಎಂದು ಚೀಟಿ ಹರಿದುಕೊಟ್ಟ.

ಕಲ್ಯಾಣದ ಆ ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಹೊರಗೆ ಕುಳಿತೆವು. ಒಳಗೆ ಗೋಡೆಯ ಮೇಲೆ ಬಸವಣ್ಣನ ಪಟ, ಅದಕ್ಕೆ ಹೊಸ ಮಾಲೆ. ಸಾಹೇಬ ಎಳೆ ವಯಸ್ಸಿನವನು, ಬಯ್ಯುವವನಲ್ಲ. ಕೂಡ್ರಿ ಎಂದ. ಕುರ್ಚಿ ಇರಲಿಲ್ಲ, ನೆಲದ ಮೇಲೆ ಕುಳಿತೆವು. ಸುಂದ್ರಾ ಎಲ್ಲ ಹೇಳಿದಳು. ಅವನು ತನ್ನ ಫೋನು ತೆಗೆದು, ಅವಳನ್ನು ಕೇಳದೆಯೇ, ಮಾರಿಗೆ ಹಿಡಿದ.

"ಹೂಂ, ಬಡೀರಿ... ಇನ್ನೊಮ್ಮೆ... ಅರೆ! ಏ ಜಲಾಲುದ್ದೀನ್, ಬಾ ಇಲ್ಲಿ, ಇದನ್ನ ನೋಡು."

ಜವಾನ ಬಂದು ಬಗ್ಗಿ ನೋಡಿದ. ಪಕ್ಕದ ಟೇಬಲ್ಲಿನವರೂ ಎದ್ದು ಬಂದರು. ಇಂಥದೊಂದು ಕೇಸು ಇನ್ನೂ ಬಂದಿರಲಿಲ್ಲ ಎಂದು ಮಾತಾಡಿಕೊಂಡರು. ಸುಂದ್ರಾ ಜಾತ್ರೆಯಲ್ಲಿ ತಂದು ನಿಲ್ಲಿಸಿದ ಎರಡು ತಲೆಯ ಕರುವಿನ ಹಾಗೆ ನಡುವೆ ಕುಳಿತಿದ್ದಳು.

"ಸಿಸ್ಟಮ್ ಒಪ್ತಿಲ್ಲಮ್ಮ" ಎಂದ ಸಾಹೇಬ. "ನೀವು ಜೀವಂತ ಇದ್ದೀರಿ ಅಂತ ಅದಕ್ಕೆ ಗೊತ್ತಾಗಬೇಕಲ್ಲ."

"ನಿಮಗ್ ಗೊತ್ತಾತಲ್ರಿ?" ಎಂದಳು ಸುಂದ್ರಾ.

"ನನಗೆ ಗೊತ್ತಾಗಿ ಏನು ಉಪಯೋಗ?"

ಅವನು ನಿಜವಾಗಿಯೇ ಹಾಗೆ ಹೇಳಿದ. ಮಾರಿಯಲ್ಲಿ ಕುಚೋದ್ಯ ಇರಲಿಲ್ಲ. ಒಂದು ದಾರಿ ಇದೆ ಎಂದ. ಕಣ್ಣು ಎಲ್ಲಿ, ಹೇಗೆ ಹೋಯಿತು ಎಂದು ಮಷೀನಿನ ಮಾಲಕರು ಬರೆದುಕೊಟ್ಟರೆ ಅದನ್ನು ಮೇಲಕ್ಕೆ ಕಳಿಸುತ್ತಾನಂತೆ, ಮೇಲಿನವರು ಮನಸ್ಸು ಮಾಡಿದರೆ ಮಾರಿ ಇಲ್ಲದೆಯೂ ಹಾಜರಿ ಹಾಕಬಹುದಂತೆ.

"ಗುರುವಾರ ನಾನೇ ನಿಮ್ಮ ಕೆರೆಗೆ ಬರ್ತೀನಿ. ಕಂಪ್ಲೇಂಟ್ ಬಂದಿದೆ, ಜೇಸಿಬಿ ಹಚ್ಚಿದ್ದಾರೆ ಅಂತ. ಅವತ್ತು ಕೂಲಿಯವರ ಮಾರಿ ಹಾಜರಿ ನನ್ನ ಮುಂದೆಯೇ ಇನ್ನೊಮ್ಮೆ ಆಗಬೇಕು. ಅದಾದರೆ ಕೆಲಸ ನೀವೇ ಮಾಡಿದ್ದು ಅಂತ ಬಿಲ್ ಪಾಸಾಗುತ್ತೆ, ಆಗದಿದ್ದರೆ ಬಿಲ್ ನಿಲ್ಲುತ್ತೆ."

ಹೊರಗೆ ಬಂದು ನಲ್ಲಿಯಲ್ಲಿ ನೀರು ಕುಡಿದೆವು. ಸುಂದ್ರಾ ಮಾರಿ ತೊಳೆದುಕೊಂಡಳು. ಒರೆಸಿಕೊಳ್ಳುತ್ತ ಕೇಳಿದಳು. "ವೈನಿ, ನಮ್ಮ ಮಾರಿ ಆದ್ರ ಸಾವಕಾರನ ಬಿಲ್ ಆಗ್ತದ ಅಂದ್ರಲ್ಲ?"

"ಹೂಂ."

"ಹಂಗಾರ ಅವ್ನಿಗಿ ಬೇಕಾಗಿದ್ದು ನಿಮ್ಮ ಮಾರಿನ."

ಬಸ್ಸು ಬಂತು.

*

ಊರಿಗೆ ಬಂದವರು ನೇರವಾಗಿ ಸಾವಕಾರನ ಮನೆಗೆ ಹೋದೆವು. ಮೆಟ್ಟಿಲ ಕೆಳಗೆ, ಬಿಸಿಲಲ್ಲಿ ನಿಂತೆವು. ಮೆಟ್ಟಿಲು ಹತ್ತುವ ಪದ್ಧತಿ ನಮಗಿಲ್ಲ. ಸಾವಕಾರನ ಹೆಂಡತಿ ಸೂಗಮ್ಮ ಬಂದು, ಬಾಯಾರಿದೆ ಎಂದದ್ದಕ್ಕೆ, ಚರಿಗೆಯನ್ನು ಎತ್ತರದಲ್ಲಿ ಹಿಡಿದು ಬೊಗಸೆಗೆ ನೀರು ಸುರಿದಳು. ಸಾವಕಾರ ಊಟ ಮುಗಿಸಿ ಹಲ್ಲಿನ ಸಂದಿ ಕೆದಕುತ್ತ ಪಡಸಾಲೆಗೆ ಬಂದು ಕುಳಿತ. ನಾನು ಸೆರಗೆಳೆದು ಗೋಡೆಯ ಕಡೆ ತಿರುಗಿದೆ. ಹಾಗೆಯೇ ನಿಂತು ಬಂದ ಕಾರಣ ಹೇಳಿದೆ.

"ಬರದ್ ಕೊಡ್ಬೇಕಾ? ಏನಂತ ಬರೀಲಿ? ಗುರುಲಿಂಗ ಇಕಿ ಕಣ್ಣ ಕಿತ್ತಾನಂತ ಬರೀಲೇನು?"

"ಅಷ್ಟ್ ಯಾಕ್ರಿ, ಮಷೀನ್‌ದಾಗ ಹೋತು ಅಂತ..."

"ಯಾವ ಮಷೀನು? ಯಾರ್ ನೋಡ್ಯಾರ? ಎಲ್ಲೋ ಜಾಲಿ ಗಿಡದ ಮರೀಗಿ ಯಾವನ ಜೋಡಿನೋ ಹೋಗಿ ಮುಳ್ಳ ಚುಚ್ಚಿಸ್ಕೊಂಡ್ ಬಂದಾಳ. ಸೀರಿ ಕೊಟ್ಟೀನಿ, ಜೋಳ ಕೊಟ್ಟೀನಿ. ನಾಯಿಗಿ ರೊಟ್ಟಿ ಹಾಕಿದ್ರ ಬಾಲರ ಅಳ್ಳಾಡಸ್ತದ."

"ನಾ ನಿಮ್ ಕೆಲಸಕ್ಕ ಬಂದಾಗ ಹೋಗಿದ್ದ್ರಿ ಇದು" ಎಂದಳು ಸುಂದ್ರಾ. ದನಿ ಏರಿಸಲಿಲ್ಲ. "ರೊಕ್ಕ ಕೇಳಾಕತ್ತಿಲ್ಲ ನಾ. ಕೆಲಸ ಕೇಳಾಕತ್ತೀನಿ. ಮಣ್ಣ ಹೊರ್ತೀನಿ ಅಂತೀನಿ."

"ನನ್ನ ಮಾರಿ ಏನ್ ನೋಡ್ತಿ ಹಂಗ? ಕಣ್ಣ ಕೆಳಗ ಮಾಡ!"

"ಆಗಂಗಿಲ್ರಿ. ನೀವ ಹಂಗ ಮಾಡಿಟ್ಟೀರಿ."

ಕುರ್ಚಿ ಸರಿದ ಸಪ್ಪಳ ಕೇಳಿಸಿತು. ಆಮೇಲೆ ನೀರಿನ ಚರಿಗೆ ನನ್ನ ಕಾಲ ಹತ್ತಿರ ಬಂದು ಬಿದ್ದು ಉರುಳಿತು. ಯಾರಿಗೆ ಎಸೆದನೋ, ತಾಗಲಿಲ್ಲ.

"ಕೇಳ್ ಮುದುಕಿ" ಎಂದ ಸಾವಕಾರ, ನನಗೆ. "ಗುರುವಾರ ಸಾಹೇಬ ಬರಾಂವಿದ್ದಾನ. ಈ ಕುಡ್ಡಿ ಕೆರಿ ಕಡಿ ಕಾಲಿಟ್ಲು ಅಂದ್ರ ನಿನ್ನ ಹೆಸರೂ ಹೋಗ್ತದ, ನಿಮ್ಮ ಕೇರಿಯವ್ರದು ಎಲ್ಲಾರ್ದೂ ಹೋಗ್ತದ. ಖರೆ ಹೇಳಾಕತ್ತೀನಿ. ಒಲಿ ಹ್ಯಾಂಗ ಹೊತ್ತಸ್ತೀರಿ ನೋಡ್ತೀನಿ."

ಕೇರಿಯ ದಾರಿಯಲ್ಲಿ ಹುಣಸೆ ಗಿಡ ದಾಟಿದ ಮೇಲೆ ಸುಂದ್ರಾ ಅಂದಳು.

"ನೀ ಗ್ವಾಡಿ ಕಡಿ ತಿರುಗಿ ನಿಂತಿದ್ದಿ ವೈನಿ."

"ರೂಢಿ ಅದ."

"ಅಂವ ಮಾತಾಡುವಾಗ ಅವ್ನ ತುಟಿ ನಡಗಾಕತ್ತಿದ್ದು. ನಾ ಒಬ್ಬಾಕಿನ ನೋಡಿದೆ."

*

ಗುರುವಾರ ಗಾಳಿ ಬಿಟ್ಟಿತ್ತು. ಕೆರೆಯ ಒಣಗಿದ ಮಣ್ಣು ಸುಳಿಸುಳಿಯಾಗಿ ಏಳುತ್ತಿತ್ತು. ಜೇಸಿಬಿಯ ಗಾಲಿಯ ಗುರುತುಗಳ ಮೇಲೆ ಮುಳ್ಳಿನ ಕಂಟಿ ಎಳೆದಾಡಿ ಅಳಿಸಿದ್ದರು. ಸಲಿಕೆಗಳು ಅವತ್ತು ಹೊಸವು. ನಮಗೆಲ್ಲ ಬೆಳಿಗ್ಗೆಯೇ ಬಂದು ಕೈಕಾಲಿಗೆ ಮಣ್ಣು ಹಚ್ಚಿಕೊಳ್ಳಬೇಕೆಂದು ಹೇಳಿದ್ದರು. ಹಜಿರಾ ಬೀ ಗಲ್ಲಕ್ಕೂ ಹಚ್ಚಿಕೊಂಡಿದ್ದಳು. "ಹಳದಿ ಹಚ್ಚಿದ್ಹಾಂಗ ಆಗ್ಯದ ನೋಡ್ ರುಕ್ಮಿಣಿ" ಎಂದಳು. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ.

ಸಾಹೇಬನ ಗಾಡಿ ಮೊದಲು ಬಂತು. ಅವನು ಇಳಿದು, ತಗ್ಗಿನ ಅಂಚುಗಳನ್ನು ನೋಡಿದ. ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗಿದ್ದವು. ಮಾರಿ ಶುರುಮಾಡಿ ಎಂದ.

ಸ್ನೇಹಲ್ ಓಢಣಿ ಬಿಚ್ಚಿ ಮುಂದೆ ಬಂದಳು. ಸಾಲಿನಲ್ಲಿ ಮೊದಲನೆಯವಳು ನಾನು. ಫೋನು ಎತ್ತಿ ಹಿಡಿದಳು. ಗಾಜಿನಲ್ಲಿ ನನ್ನ ಮಾರಿ ಕಂಡಿತು, ಸುತ್ತ ಕೆಂಪು ಉಂಗುರ. ನನ್ನ ಹೆಗಲಾಚೆ, ಹಿಂದೆ ದೂರದಲ್ಲಿ ಏರಿಯೂ ಕಂಡಿತು. ಏರಿಯ ಮೇಲೆ, ತಾನೇ ಹೊತ್ತು ಹಾಕಿದ ಮಣ್ಣಿನ ಗುಪ್ಪೆಯ ಹತ್ತಿರ, ಯಾರೋ ಕುಳಿತಿದ್ದರು.

ಬರುತ್ತೇನೆಂದು ಸುಂದ್ರಾ ನನಗೆ ಹೇಳಿರಲಿಲ್ಲ. ಬೆಳಿಗ್ಗೆ ಅವಳ ಹಾಸಿಗೆಯ ಹತ್ತಿರ ಒದ್ದೆ ಬಟ್ಟೆ ಮಡಚಿ ಇಟ್ಟದ್ದನ್ನು ನೋಡಿ ಬಂದಿದ್ದೆ.

"ಆಯಿ, ರೆಪ್ಪಿ ಬಡೀರಿ" ಎಂದಳು ಸ್ನೇಹಲ್. ಸಾಹೇಬ ಇದ್ದುದಕ್ಕೆ ಆಯಿ ಸೇರಿತ್ತು, ರಿ ಸೇರಿತ್ತು.

ನಾನು ಗಾಜನ್ನು ನೋಡಿದೆ.

"ಬಡೀರಿ."

ಬಡಿಯಬಾರದೆಂದು ನಾನು ಮನೆಯಲ್ಲಿ ಯೋಚಿಸಿ ಬಂದಿದ್ದಿಲ್ಲ. ಯಾರಿಗೂ ಹೇಳಿದ್ದಿಲ್ಲ. ಬಡಿಯಲಿಲ್ಲ, ಅಷ್ಟೆ. ಗಾಳಿಗೆ ಕಣ್ಣು ಚುರುಗುಟ್ಟಿತು. ಉಂಗುರ ಕೆಂಪಗೇ ಉಳಿಯಿತು.

"ವಯಸ್ಸಾಗ್ಯದ, ಕೇಳಸಂಗಿಲ್ಲ ಕಾಣ್ತದ" ಎಂದು ಸ್ನೇಹಲ್ ಸಾಹೇಬನಿಗೆ ಹೇಳಿ, ಪಕ್ಕಕ್ಕೆ ಸರಿದು ಹಜಿರಾ ಬೀಯ ಮುಂದೆ ಹಿಡಿದಳು.

ಹಜಿರಾ ಬೀ ನನ್ನ ಕಡೆ ನೋಡಿದಳು. ಏರಿಯ ಕಡೆ ಕತ್ತು ಹೊರಳಿಸಿ ನೋಡಿದಳು. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡು, ಫೋನಿನ ಕಡೆ ತಿರುಗಿ, ಕಣ್ಣು ಇಷ್ಟಗಲ ಮಾಡಿದಳು.

"ಬಡಿ... ಬಡೀರಿ."

"ಬಡಿಯಾಕ್ ಬರವಲ್ದ್ರಿ."

"ಮೊನ್ನಿ ಬಂದಿತ್ತಲ್ಲ!"

"ಮೊನ್ನಿ ಬಂದಿತ್ತು."

ಅವಳ ಪಕ್ಕದವಳೂ ಬಡಿಯಲಿಲ್ಲ. ಅವಳಾಚೆಯವಳೂ. ಕುರಿ ಹಿಂದೆ ಕುರಿ. ಸಿಮ್ರಾನ್ ಮಾತ್ರ ತುಟಿ ಕಚ್ಚಿಕೊಂಡು ನಿಂತಿದ್ದಳು. ಕೂಸಿಗೆ ಹಾಲು ಸಾಲುತ್ತಿರಲಿಲ್ಲ, ಡಬ್ಬಿಯ ಹಾಲು ಕೊಳ್ಳುತ್ತಿದ್ದಳು ಎಂದು ನನಗೆ ಗೊತ್ತು. ಅತ್ತೆಯ ಕಡೆ ನೋಡಿದಳು.

"ಅಮ್ಮಾ, ಕಲ್ ಕ್ಯಾ ಖಾಯೆಂಗೆ?" ನಾಳೆ ಏನು ಉಣ್ಣುವುದೆಂದು ಮೆಲ್ಲಗೆ ಕೇಳಿದಳು.

ಫೋನು ಸಿಮ್ರಾನಳ ಮುಂದೆ ಬಂತು. ಮಣ್ಣಿನ ಸುಳಿ ಬಂದು ಬಡಿಯಿತು. ಎಳೆಯ ಕಣ್ಣು, ರೆಪ್ಪೆ ಇಳಿಯತೊಡಗಿತು. ಅವಳು ಕೂಸನ್ನು ತಟ್ಟನೆ ಅತ್ತೆಯ ಕೈಗೆ ಕೊಟ್ಟು, ಎರಡೂ ಕೈಯ ಬೆರಳುಗಳಿಂದ ರೆಪ್ಪೆಗಳನ್ನು ಮೇಲಕ್ಕೆತ್ತಿ ಹಿಡಿದುಕೊಂಡಳು.

"ಕೈ ತಗಿ" ಎಂದಳು ಸ್ನೇಹಲ್. "ತಗೀ ಅಂದ್ರ... ಮಾವ ನನ್ನ ಕೊಲ್ತಾರ ನೋಡವಾ."

ಆಗ ಹಾರನ್ ಕೇಳಿಸಿತು.

ಏರಿಯ ಮೇಲೆ ಧೂಳೆಬ್ಬಿಸುತ್ತ ಜೀಪು ಬಂತು. ನನ್ನ ಕತ್ತಿನ ಹಿಂದೆ ಅತ್ತೆಯ ಕೈ ಬಿಗಿಯಿತು. ಬೆರಳು ಬೆರಳೂ ಗೊತ್ತಾಯಿತು. ಸೆರಗು ಹೆಗಲ ಮೇಲಿತ್ತು, ಎಳೆಯಲು ನನ್ನ ಕೈ ಎದ್ದಿತು. ಎದ್ದ ಕೈ ಸೆರಗನ್ನು ಹಿಡಿದು, ಎಳೆದು, ಸೊಂಟಕ್ಕೆ ಸಿಕ್ಕಿಸಿತು. ನಾನು ಜೀಪಿನ ಕಡೆ ತಿರುಗಿದೆ.

ಇಷ್ಟು ವರ್ಷ ಈ ಊರಲ್ಲಿದ್ದೇನೆ, ಗುರುಲಿಂಗ ಸಾವಕಾರನ ಮಾರಿಯನ್ನು ಅವತ್ತೇ ನೆಟ್ಟಗೆ ಕಂಡದ್ದು. ಹಣೆಯ ಮೇಲೊಂದು ಸಣ್ಣ ಗಂಟು. ವಿಭೂತಿ ಬೆವರಿಗೆ ಕರಗಿ ಹುಬ್ಬಿನೊಳಗೆ ಇಳಿದಿತ್ತು.

"ಏನ್ ನಡಿಸೀರಲೇ?" ಎಂದ ಅವನು. ಸಾಹೇಬ ಹತ್ತಿರ ಬಂದು ಏನೋ ಹೇಳಿದ. ಸಾವಕಾರ ಸಾಲಿನುದ್ದಕ್ಕೂ ನೋಡಿದ. ಎಲ್ಲ ಕಣ್ಣುಗಳೂ ಅವನ ಮೇಲಿದ್ದವು. ಅವನು ನಕ್ಕ, ಸಾಹೇಬನಿಗಾಗಿ. "ಹುಚ್ಚ್ ಹೆಂಗಸ್ರು ಸಾಹೇಬ್ರ. ಚಾಷ್ಟಿ ಮಾಡಾಕತ್ತಾರ. ಏ, ಬಡೀರೇ ತಂಗಿ, ಊರ ಕೆಲಸ ಇದು, ನಿಮ್ಮ ಕೆರಿ."

ಯಾರೂ ಬಡಿಯಲಿಲ್ಲ.

"ಇನ್ನ ಅರ್ಧ ತಾಸು, ಆಮೇಲೆ ಆ್ಯಪ್ ಬಂದ್ ಆಗುತ್ತೆ" ಎಂದ ಸಾಹೇಬ. ಅವನು ನಮ್ಮ ಕಡೆಯಾಗಲಿ ಸಾವಕಾರನ ಕಡೆಯಾಗಲಿ ನೋಡುತ್ತಿರಲಿಲ್ಲ. ತಗ್ಗಿನ ನೆಟ್ಟನೆಯ ಅಂಚನ್ನು ನೋಡುತ್ತಿದ್ದ.

ಸಾವಕಾರನ ನಗು ಹೋಯಿತು. ಸೊಸೆಯ ಕೈಯಿಂದ ಫೋನು ಕಸಿದುಕೊಂಡ. ಸ್ನೇಹಲ್ ಹಿಂದೆ ಹೋಗಿ ನಿಂತಳು, ಓಢಣಿಯನ್ನು ಮತ್ತೆ ಸುತ್ತಿಕೊಳ್ಳಲಿಲ್ಲ. ಅವನು ಫೋನನ್ನು ತಂದು ನನ್ನ ಮೂಗಿಗೇ ಹಿಡಿದ. ಅವನ ಕೈ ನನಗೆ ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಗುಟ್ಕಾದ ವಾಸನೆ ಬರುತ್ತಿತ್ತು.

"ಬಡಿ. ರೆಪ್ಪಿ ಬಡಿ ಮುದುಕಿ. ನಿಮ್ಮ ಕೇರಿಗಿ ನೀರ್ ಬಂದ್ ಮಾಡಸ್ತೀನಿ. ರೇಷನ್ ಬಂದ್ ಮಾಡಸ್ತೀನಿ... ಏ ರುಕ್ಮಿಣಿ, 'ಬಾಯಿ' ಅಂತೀನಿ ನೋಡ, ರುಕ್ಮಿಣಿಬಾಯಿ, ನಿನ್ನ ಕಾಲ್ ಹಿಡೀತೀನಿ, ಒಂದ್ಸಲ ಬಡಿಯೇ... ಬಡಿಯೇ ರಂಡೆ!"

ಗಾಜಿನಲ್ಲಿ ನನ್ನ ಮಾರಿ ಕೆಂಪು ಉಂಗುರದೊಳಗಿತ್ತು. ಏರಿಯ ಮೇಲೆ, ಗುಪ್ಪೆಯ ಹತ್ತಿರ, ಈಗ ಯಾರೂ ಇರಲಿಲ್ಲ. ನನ್ನ ಹೆಗಲಿಗೆ ಇನ್ನೊಂದು ಹೆಗಲು ತಾಗಿತು. ಅವಳು ಯಾವಾಗ ಇಳಿದು ಬಂದಳೋ, ನನ್ನ ಪಕ್ಕ ಸಾಲಿನಲ್ಲಿ ನಿಂತಿದ್ದಳು, ಬುಟ್ಟಿ ಸಮೇತ. ಉಂಗುರದ ಅಂಚಿನಲ್ಲಿ ಅವಳ ಎಡಗಣ್ಣು ಕಾಣುತ್ತಿತ್ತು.

ಗಾಳಿ ಮತ್ತೆ ಎದ್ದಿತು. ತೋಡಿದ ಕೆರೆಯ ಮಣ್ಣೆಲ್ಲ ನಮ್ಮ ಕಣ್ಣಿಗೇ ಬಂದು ಬಿತ್ತು. ಸಾವಕಾರ ತೋಳಿನಿಂದ ಮಾರಿ ಮುಚ್ಚಿಕೊಂಡ. ಸಾಲಿನಲ್ಲಿ ಯಾರೋ ನರಳಿದರು, ಕೂಸು ಅತ್ತಿತು. ನನ್ನ ಕಣ್ಣಿಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ ಹತ್ತಿತು, ನೀರು ಗದ್ದದಿಂದ ಇಳಿದು ಎದೆಯ ಮೇಲೆ ತೊಟ್ಟಿಕ್ಕತೊಡಗಿತು. ಗಾಜು ಮಸುಕಾಯಿತು. ಕೆಂಪು ಮಾತ್ರ ಕಾಣುತ್ತಿತ್ತು.

ಉರಿಯಲಿ ಎಂದು ನೋಡುತ್ತ ನಿಂತೆ.